ಪ್ರಾಚಾರ್ಯರು ಕೋರಿದ್ದು

ಅಂಧೇರಿ ಸ್ಟೇಷನ್ನಿನಿಂದ ಕೂಗಳತೆ ದೂರದಲ್ಲಿ, ರೈಲು ಹಳಿಗೆ ಅಂಟಿಕೊಂಡಂತೆ, ಹಿಂದೆ ಅಕ್ಕಿ ಗೋದಾಮಾಗಿದ್ದ ಕಟ್ಟಡದ ಮೊದಲ ಮಾಳಿಗೆಯಲ್ಲಿ ಕನ್ನಡ ಜ್ಞಾನೋದಯ ಕಾಲೇಜು ನಡೆಯುತ್ತಿತ್ತು. ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿದ್ದ ಕಾಲ. ದೇಶದಲ್ಲಿ ಅಣೆಕಟ್ಟುಗಳು ಏಳುತ್ತಿದ್ದವು, ಕಾರ್ಖಾನೆಗಳು ಹೊಗೆಯಾಡುತ್ತಿದ್ದವು. ಇತ್ತ ಪ್ರಾಚಾರ್ಯ ಸಿದ್ದಲಿಂಗಪ್ಪನವರೂ ಕೈಕಟ್ಟಿ ಕೂತಿರಲಿಲ್ಲ. ಅವರು ಕಾಲೇಜಿಗೆ ಒಂದು ಭೋಂಗಾ ತಂದಿದ್ದರು.

ಭೋಂಗಾ ಎಂದು ಚಾಳಿನ, ಅಂದರೆ ಎದುರಿನ ವಠಾರದ ಜನ ಕರೆಯುತ್ತಿದ್ದರು. ಪ್ರಾಚಾರ್ಯರು ಅದನ್ನು ಧ್ವನಿವರ್ಧಕ ಎನ್ನುತ್ತಿದ್ದರು. ಪ್ರತಿ ರವಿವಾರ ಬೆಳಿಗ್ಗೆ ಕೋಟಿನ ಗುಂಡಿಗಳನ್ನೆಲ್ಲ ಹಾಕಿಕೊಂಡು, ಭೋಂಗಾದ ಬಾಯನ್ನು ಎದುರಿನ ಚಾಳಿನ ಕಡೆ ತಿರುಗಿಸಿ, ಗ್ಯಾಲರಿಯಲ್ಲಿ ನಿಂತು ‘ಕಾಲೇಜು ವಾರ್ತೆ’ ಹೇಳುವುದು ಅವರ ನಿಯಮ. "ನಮ್ಮ ಗ್ರಂಥಾಲಯಕ್ಕೆ ಎರಡನೆಯ ಕಪಾಟು ಆಗಮಿಸಿದೆ. ಪುಸ್ತಕಗಳು ಆಗಮಿಸಲಿವೆ." "ನಮ್ಮ ವಿದ್ಯಾರ್ಥಿಗಳು ಶ್ರಮದಾನದಿಂದ ಚಾಳಿನ ಗಟಾರವನ್ನು ಶುಚಿಗೊಳಿಸಿದ್ದಾರೆ. ಅದನ್ನು ಕೂಡಲೇ ತುಂಬಿಸದಿರಲು ನಿವಾಸಿಗಳನ್ನು ಕೋರಲಾಗಿದೆ." "ನಮ್ಮ ಅಕ್ಷರ ಪ್ರಚಾರದ ಫಲವಾಗಿ ಶ್ರೀಮತಿ ರಾಚವ್ವನವರು ತಮ್ಮ ಹೆಸರನ್ನು ತಾವೇ ಬರೆದಿದ್ದಾರೆ."

ರವಿವಾರದ ನಿದ್ದೆ ಕೆಟ್ಟವರು ಮೊದಮೊದಲು ಬೈದುಕೊಂಡರು. ಆದರೆ ತನ್ನ ಹೆಸರು ಭೋಂಗಾದಲ್ಲಿ ಬಂದ ದಿನ ರಾಚವ್ವ ನಳದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಕೊಡ ಇಟ್ಟಳು, ಯಾರೂ ತಕರಾರು ತೆಗೆಯಲಿಲ್ಲ. ಅಲ್ಲಿಂದ ಮುಂದೆ ಚಾಳಿನವರು ವಾರ್ತೆಯ ಹೊತ್ತಿಗೆ ಹಲ್ಲುಜ್ಜುತ್ತಲೇ ಹೊರಗೆ ಬಂದು ನಿಲ್ಲತೊಡಗಿದರು. ಯಾರಿಗೆ ಗೊತ್ತು, ಇವತ್ತು ತಮ್ಮ ಹೆಸರೇ ಬಂದರೆ?

ಪ್ರಾಚಾರ್ಯರು ಧಾರವಾಡದ ಕಡೆಯವರು. ಮನೆಯಲ್ಲಿ ಆಡುವ ಮಾತೇ ಬೇರೆ, ಕೋಟು ಹಾಕಿದ ಮೇಲೆ ಆಡುವ ಮಾತೇ ಬೇರೆ. ಕೋಟು ಹಾಕಿದ ಮೇಲೆ ಅವರು ಏನನ್ನೂ ಕೇಳುತ್ತಿರಲಿಲ್ಲ, ಕೋರುತ್ತಿದ್ದರು. ಬಾಯಾರಿದರೆ ಪ್ಯೂನ್ ಐತನ ಕಡೆ ತಿರುಗಿ "ಐತಾ, ನೀರು ಕೋರಿದ್ದೇನೆ" ಎನ್ನುತ್ತಿದ್ದರು. ಐತ ಉಡುಪಿಯ ಕಡೆಯವನು, ಮನೆಮಾತು ತುಳು. ತುಳುವಿನಲ್ಲಿ ಕೋರಿ ಎಂದರೆ ಕೋಳಿ. ಸಾಹೇಬರು ತನ್ನನ್ನು ಯಾಕೆ ನೀರುಕೋಳಿ ಎಂದು ಕರೆಯುತ್ತಾರೆ ಎಂಬುದು ಅವನಿಗೆ ಮೊದಲ ವಾರವೆಲ್ಲ ಅರ್ಥವಾಗಲಿಲ್ಲ. ದೊಡ್ಡವರ ಬಾಯಿಂದ ಬಂದ ಬೈಗುಳ ಎಂದುಕೊಂಡು ನೀರು ತಂದುಕೊಟ್ಟು ಸುಮ್ಮನಾಗುತ್ತಿದ್ದ.

ಇಷ್ಟೆಲ್ಲ ಇದ್ದರೂ ಪ್ರಾಚಾರ್ಯರ ಎದೆಯಲ್ಲಿ ಒಂದು ಮುಳ್ಳಿತ್ತು. ಕಾಲೇಜಿನಲ್ಲಿ ಇದ್ದದ್ದು ಮೊದಲ ವರ್ಷದ ತರಗತಿ ಮಾತ್ರ. ಎರಡನೆಯ ವರ್ಷದ ಇಂಟರ್ ತರಗತಿಗೆ ವಿಶ್ವವಿದ್ಯಾಲಯದ ಅನುಮತಿ ಬೇಕು. ಅದು ಸಿಗದಿದ್ದರೆ ಹೋಟೆಲಿನಲ್ಲಿ, ಗಿರಣಿಯಲ್ಲಿ, ಆಫೀಸಿನಲ್ಲಿ ದುಡಿದುಕೊಂಡು ಬೆಳಗಿನ ಕ್ಲಾಸಿಗೆ ಬರುವ ಹುಡುಗರೆಲ್ಲ ಓದು ಬಿಡುವುದೇ ಸೈ, ಕಾಲೇಜು ಮತ್ತೆ ಗೋದಾಮಾಗುವುದೇ ಸೈ. ಹಿಂದಿನ ತಿಂಗಳು ಸಮಿತಿ ಬಂದು ಕೋಣೆ ಅಳೆದು ಹೋಗಿತ್ತು. ಅದರ ಅಧ್ಯಕ್ಷರು ಒಬ್ಬ ವಯಸ್ಸಾದ ಪಾರ್ಸಿ ಗೃಹಸ್ಥರು, ಹೆಸರು ಡಾಕ್ಟರ್ ಕಾಂಟ್ರಾಕ್ಟರ್. ಅವರು ಹೊರಡುವಾಗ ಇಂಗ್ಲಿಷಿನಲ್ಲಿ, "ಎಲ್ಲ ಸರಿ, ಆದರೆ ನಿಮ್ಮ ಹಿಂದೆ ಯಾರಿದ್ದಾರೆ?" ಎಂದು ಕೇಳಿದ್ದರು.

"ಇಡೀ ಕನ್ನಡ ಸಮಾಜ ನನ್ನ ಹಿಂದೆ ನಿಂತಿದೆ!" ಎಂದಿದ್ದರು ಪ್ರಾಚಾರ್ಯರು.

ಅಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಅವರ ಹಿಂದೆ ನೋಡಿದರು. ಐತ ನಿಂತಿದ್ದ. ಅವನ ಕೈಯಲ್ಲಿ ನೀರಿನ ಲೋಟವಿತ್ತು.

ಸಮಾಜವನ್ನು ನೋಡುವುದಕ್ಕಾಗಿಯೇ ಇನ್ನೊಮ್ಮೆ ಬರುತ್ತೇವೆ ಎಂದು ಹೇಳಿ ಸಮಿತಿ ಹೋಯಿತು. ಹಾಗಾಗಿ ಮುಂದಿನ ರವಿವಾರ ಪ್ರಾಚಾರ್ಯರು ಕೋಟಿನ ಜೊತೆಗೆ ಪೇಟವನ್ನೂ ಸುತ್ತಿಕೊಂಡು ಗ್ಯಾಲರಿಗೆ ಬಂದರು.

"ಮಹನೀಯರೇ, ಮಹಿಳೆಯರೇ! ಬರುವ ರವಿವಾರ ವಿಶ್ವವಿದ್ಯಾಲಯದ ಸಮಿತಿ ಪುನಃ ಆಗಮಿಸಲಿದೆ. ನಮ್ಮ ಇಂಟರ್ ತರಗತಿಯ ಅಳಿವು ಉಳಿವು ಅಂದು ತೀರ್ಮಾನವಾಗಲಿದೆ. ತಮ್ಮೆಲ್ಲರ ಉಪಸ್ಥಿತಿಯನ್ನು ಕೋರಿ, ಸಹಕಾರವನ್ನು ಕೋರಿ, ಪ್ರತಿ ಮನೆಯಿಂದ ಕನಿಷ್ಠ ಒಬ್ಬರಾದರೂ ಬರಬೇಕೆಂದು ವಿನಂತಿಸುತ್ತೇನೆ!"

ಮಾತು ಅಚ್ಚುಕಟ್ಟಾಗಿತ್ತು. ಆದರೆ ಪಶ್ಚಿಮ ರೈಲ್ವೆಗೆ ಕನ್ನಡ ಬರುವುದಿಲ್ಲ. ನಡುವೆ ಚರ್ಚ್‌ಗೇಟ್ ಲೋಕಲ್ ಬಂತು, ಅದರ ಬೆನ್ನಿಗೆ ಎದುರಿನಿಂದ ಬೋರಿವಲಿ ಲೋಕಲ್ ಬಂತು. ಎರಡು ಗಾಡಿಗಳ ಸದ್ದಿನ ನಡುವೆ ನುಸುಳಿ, ಗಲ್ಲಿಯ ತುದಿಯಲ್ಲಿದ್ದ ಪೂವಪ್ಪನ ಹೋಟೆಲನ್ನು ಮುಟ್ಟಿದ್ದು ಇಷ್ಟು: "ಬರುವ ರವಿವಾರ... ಸಮಿತಿ... ಇಂಟರ್... ಕೋರಿ... ಕೋರಿ... ಪ್ರತಿ ಮನೆಯಿಂದ ಕನಿಷ್ಠ ಒ..."

ಪೂವಪ್ಪನ ಮಗಳು ಪ್ರಫುಲ್ಲಾ ಇದೇ ಕಾಲೇಜಿನಲ್ಲಿ ಮೊದಲ ವರ್ಷದಲ್ಲಿದ್ದಳು. ಅವನ ಕುಲದಲ್ಲೇ ಕಾಲೇಜು ಮೆಟ್ಟಿಲು ಹತ್ತಿದವಳು ಅವಳೊಬ್ಬಳು. ಚಾ ಕುಡಿಯಲು ಬಂದ ಗಿರಾಕಿ ಕೇಳಲಿ ಬಿಡಲಿ, ದುಡ್ಡಿನ ಗಲ್ಲೆಯ ಮುಂದೆ ಕೂತ ಪೂವಪ್ಪ ಈ ವಿಷಯ ಹೇಳದೆ ಯಾರನ್ನೂ ಹೊರಗೆ ಬಿಡುತ್ತಿರಲಿಲ್ಲ. ವಾರ್ತೆಯ ಹೊತ್ತಿಗೆ ಹೋಟೆಲಿನಲ್ಲಿ ಲೋಟದ ಸದ್ದೂ ಆಗಬಾರದು.

"ಕೊರಗಾ, ಎಂಚಿನ ಪಂಡೆರ್?" ಏನು ಹೇಳಿದರು ಎಂದು ಅವನು ಅಡುಗೆಯ ಕೊರಗನನ್ನು ಕೇಳಿದ.

ಸೌಟು ಹಿಡಿದೇ ಹೊರಗೆ ಬಂದಿದ್ದ ಕೊರಗ, "ಕೋರಿ ಪಂಡೆರ್ ಧಣೀ, ರಡ್ಡ್ ಸರ್ತಿ ಪಂಡೆರ್" ಎಂದ. ಒಂದು ಸಲವಲ್ಲ, ಎರಡು ಸಲ ಕೋಳಿ ಎಂದಿದ್ದಾರೆ. ಪ್ರತಿ ಮನೆಯಿಂದ ಕನಿಷ್ಠ ಒಂದು.

ಪೂವಪ್ಪ ಯೋಚಿಸಿದ. ಸಮಿತಿ ಬರುತ್ತದೆ, ದೊಡ್ಡ ದೊಡ್ಡ ಸಾಹೇಬರು. ಅವರಿಗೆ ಬರೀ ಇಡ್ಲಿ ಕೊಟ್ಟರೆ ಇಂಟರ್ ಕ್ಲಾಸು ಸಿಗುತ್ತದೆಯೇ? ಪ್ರಿನ್ಸಿಪಾಲರು ಹೇಳಿದ್ದರಲ್ಲಿ ತೂಕವಿದೆ. ಆದರೂ ಒಂದು ಸಂಶಯ. ಆ ಮನುಷ್ಯ ಲಿಂಗ ಕಟ್ಟಿದವರು, ಮೊಟ್ಟೆ ಇಟ್ಟ ಮೇಜಿನ ಮೇಲೆ ಚಾ ಕೂಡ ಮುಟ್ಟುವವರಲ್ಲ. ಒಂದು ಮಾತು ಕೇಳಿಯೇ ಬಿಡುವುದು ಒಳ್ಳೆಯದೆಂದು ಮಾರನೆಯ ಬೆಳಿಗ್ಗೆ ಮಗಳ ಹತ್ತಿರ ಹೇಳಿ ಕಳಿಸಿದ.

ಪ್ರಫುಲ್ಲಾ ಮುಂಬಯಿಯಲ್ಲೇ ಹುಟ್ಟಿದವಳು. ಪ್ರಾಚಾರ್ಯರ ಎದುರು ನಿಂತರೆ ಅವಳ ಕನ್ನಡ ಅರ್ಧ ದಾರಿಯಲ್ಲೇ ಇಳಿದುಹೋಗುತ್ತಿತ್ತು.

"ಸರ್, ಅಪ್ಪ ಕೇಳಿದ್ರು... ಮತ್ಲಬ್... ರವಿವಾರಕ್ಕೆ ನೀವು ಕೋರಿ ಹೇಳಿದ್ದು ಸಚ್ಚಿನಾ?"

"ಅಗದೀ ಖರೆ!" ಎಂದರು ಪ್ರಾಚಾರ್ಯರು. ಬೆಳಿಗ್ಗೆ ಇನ್ನೂ ಕೋಟು ಹಾಕಿರಲಿಲ್ಲ. "ಸಂಶಯ ಯಾಕವಾ? ನಾನs ಎಲ್ಲಾರ ಮುಂದ ನಿಂತು ಕೋರೇನಿ."

"ಹಾಗಾದ್ರೆ ಎಲ್ಲಾ ಮನೆಯಿಂದ ಕೋರಿ ತರುದಾ ಸರ್?"

"ಹೌದು! ಮನಿ ಮನಿಗೆ ಹೋಗ್ರಿ, ಕೋರಿ ತರ್ರಿ. ಎಷ್ಟ ಆಗ್ತದ ಅಷ್ಟ ತರ್ರಿ. ಕಾಲೇಜ ಗಿಚ್ಚ ತುಂಬಬೇಕು ನೋಡು."

ಕಾಲೇಜು ತುಂಬ ಕೋಳಿ! ಪ್ರಫುಲ್ಲಾಳ ಕಣ್ಣು ಅಗಲವಾಯಿತು. ಪ್ರಾಚಾರ್ಯರು ಇಷ್ಟು ಉದಾರಿಗಳೆಂದು ಅವಳಿಗೆ ಗೊತ್ತಿರಲಿಲ್ಲ. "ಮತ್ತೆ ಅಪ್ಪ ಕೇಳ್ತಿದ್ರು, ಕೋರಿ ರೊಟ್ಟಿ ಮಾಡುದಾ ಅಂತ."

"ರೊಟ್ಟಿ?" ಪ್ರಾಚಾರ್ಯರ ಮುಖ ಅರಳಿತು. "ನಿಮ್ಮಪ್ಪಾರು ರೊಟ್ಟಿ ಕೋರ್ಯಾರೇನು?"

"ಹೌದು ಸರ್, ಕೋರಿ ರೊಟ್ಟಿ. ನಮ್ಮವರಿಗೆ ಅದೇ ಪಸಂದು."

"ಅಂದ ಮ್ಯಾಲ ಆತು! ರೊಟ್ಟಿ ಚಿಂತಿ ಬಿಡ್ರಿ, ಅದು ನನ್ನ ಮ್ಯಾಲ."

ಹುಡುಗಿ ಮನೆಗೆ ಓಡಿದಳು, ಪೂವಪ್ಪ ಬಾಂದ್ರಾ, ಸಾಂತಾಕ್ರೂಜ್‌ನ ತನ್ನವರಿಗೆಲ್ಲ ಅಂದೇ ಸುದ್ದಿ ಮುಟ್ಟಿಸಿದ. ಕೋರಿ ತಮ್ಮದು, ರೊಟ್ಟಿ ಪ್ರಿನ್ಸಿಪಾಲರದ್ದು. ಇದಕ್ಕಿಂತ ಸ್ಪಷ್ಟವಾದ ಒಪ್ಪಂದ ಪಂಚವಾರ್ಷಿಕ ಯೋಜನೆಯಲ್ಲೂ ಇರಲಿಕ್ಕಿಲ್ಲ.

ಇತ್ತ ಪ್ರಾಚಾರ್ಯರು ಮನೆಗೆ ಬಂದು ಹೆಂಡತಿಯ ಮುಂದೆ ಎದೆಯುಬ್ಬಿಸಿ ನಿಂತರು. "ಕೇಳಿಲ್ಲಿ. ಮಂಗಳೂರ ಕಡಿ ಮಂದಿ ನಮ್ಮ ಜ್ವಾಳದ ರೊಟ್ಟಿಗೆ ಮನಸ ಮಾಡ್ಯಾರ. ತಾವs ಕೋರ್ಯಾರ!"

ನಾಗವ್ವ ಒಲೆಯ ಮುಂದಿನಿಂದ ತಲೆ ಎತ್ತಲಿಲ್ಲ. "ಮೂರ ಹೊತ್ತೂ ಅನ್ನ ಉಣ್ಣೋ ಮಂದಿ ಜ್ವಾಳದ ರೊಟ್ಟಿ ಕೇಳ್ತಾರ? ನಿಮ್ಮ ಕಿವ್ಯಾಗೂ ಒಂದು ಭೋಂಗಾ ಕೂಡಸ್ರಿ."

"ಇದು ಏಕೀಕರಣ, ಏಕೀಕರಣ! ರಾಜ್ಯ ಒಂದಾಗೋದು ಯಾವಾಗೋ, ಮೊದಲ ಊಟದಾಗ ಒಂದಾಗೋಣ. ಬರೋ ಅಧ್ಯಕ್ಷರೂ ಅಂಥಿಂಥವರಲ್ಲ, ಡಾಕ್ಟರ್ ಕಾಂಟ್ರಾಕ್ಟರ್!"

"ಯಾವುದಾರ ಒಂದು ಹೇಳ್ರಿ. ಡಾಕ್ಟರೋ, ಕಾಂಟ್ರಾಕ್ಟರೋ?"

ಬಾಯಲ್ಲಿ ಹಾಗೆಂದರೂ ನಾಗವ್ವನಿಗೆ ಒಳಗೊಳಗೇ ಹೆಮ್ಮೆಯಾಗಿತ್ತು. ತನ್ನ ರೊಟ್ಟಿಗಾಗಿ ಕರಾವಳಿಯವರು ಕಾದಿದ್ದಾರೆಂದರೆ ಸಣ್ಣ ಮಾತೇ? ಭಾಂಡುಪ್‌ನಲ್ಲಿದ್ದ ತನ್ನ ಅಕ್ಕ ರುದ್ರವ್ವನಿಗೆ ಹೇಳಿಕಳಿಸಿದಳು. ರುದ್ರವ್ವ ತನ್ನ ಕಾಲನಿಯ ಹೆಂಗಸರ ಒಂದು ದಂಡನ್ನೇ ಕಟ್ಟಿಕೊಂಡು, ಹಂಚು, ಹಿಟ್ಟು ನಾದುವ ಕೊಮ್ಮಣಿಗೆಗಳ ಸಮೇತ ಶನಿವಾರ ಬಂದಿಳಿದಳು. ಆ ಮಧ್ಯಾಹ್ನವೆಲ್ಲ ಚಾಳಿನಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಲೋಕಲ್ ಗಾಡಿ ಬಂದದ್ದೂ ಹೋದದ್ದೂ ಯಾರಿಗೂ ಕೇಳಿಸಲಿಲ್ಲ.

ರವಿವಾರ ಬೆಳಿಗ್ಗೆ ಪ್ರಾಚಾರ್ಯರು ಗ್ಯಾಲರಿಯಲ್ಲಿ ನಿಂತು ಗಲ್ಲಿಯನ್ನು ನೋಡಿದರು. ಜನ ಬರುತ್ತಿದ್ದರು. ಒಬ್ಬರಲ್ಲ, ಇಬ್ಬರಲ್ಲ, ಬಾಂದ್ರಾದಿಂದ, ಸಾಂತಾಕ್ರೂಜ್‌ನಿಂದ, ಹೆಂಡತಿ ಮಕ್ಕಳ ಸಮೇತ ಸಾಲುಗಟ್ಟಿ ಬರುತ್ತಿದ್ದರು. ಪ್ರಾಚಾರ್ಯರ ಕಣ್ಣಲ್ಲಿ ನೀರು ಬಂತು. ಅದನ್ನು ಒರೆಸಿಕೊಂಡು ಮತ್ತೊಮ್ಮೆ ನೋಡಿದಾಗ, ಪ್ರತಿಯೊಬ್ಬರ ಕಂಕುಳಲ್ಲೂ ಏನೋ ಒದ್ದಾಡುತ್ತಿರುವುದು ಕಂಡಿತು.

ಪೂವಪ್ಪ ಎಲ್ಲರಿಗಿಂತ ಮುಂದಿದ್ದ. ಅವನ ಎರಡು ಕಂಕುಳಲ್ಲೂ ಕೆಂಪು ಹುಂಜಗಳು.

"ಸರ್, ಸ್ವಲ್ಪ ಲೇಟಾಯ್ತು ಮಾರಾಯ್ರೆ! ಸ್ಟೇಷನ್ನಲ್ಲಿ ನಮ್ಮ ಬಾಂದ್ರಾದವರನ್ನು ಟೀಸಿ ಹಿಡಿದು ನಿಲ್ಸಿದ. ಮುರ್ಗಿಗೆ ಟಿಕೆಟ್ ಉಂಟಾ ಕೇಳಿದ. ಕಾಲೇಜಿಗೆ ಹೋಗುವ ಮುರ್ಗಿ ಅಂತ ಹೇಳಿದ್ರೆ, ‘ತೋ ಫಿರ್ ಸ್ಟೂಡೆಂಟ್ ಪಾಸ್ ದಿಖಾವ್’ ಅಂತ ಹೇಳ್ತಾನೆ! ಆಮೇಲೆ ಇಂಟರ್ ಕ್ಲಾಸಿನ ವಿಷಯ ಹೇಳಿದೆ. ಪಾಪ, ಅವನ ತಮ್ಮನೂ ಇಲ್ಲೇ ಓದುದಂತೆ. ಬಿಟ್ಟ."

ಪ್ರಾಚಾರ್ಯರ ಬಾಯಿಂದ ‘ಶಿವ ಶಿವಾ’ ಎಂಬುದರ ಮೊದಲನೆಯ ಶಿವ ಮಾತ್ರ ಹೊರಬಂತು. ಅಷ್ಟರಲ್ಲಿ ಐತ ಅತ್ಯುತ್ಸಾಹದಿಂದ ಕೋಳಿಗಳನ್ನು ಒಳಗೆ ಸಾಗಿಸತೊಡಗಿದ್ದ. ಕೆಲವು ಬೆಂಚುಗಳ ಮೇಲೆ ಕೂತವು. ಒಂದು ಕರಿಹಲಗೆಯ ಮೇಲೆ ಹಾರಿ ಕೂತು ತರಗತಿಯನ್ನು ಗಮನಿಸತೊಡಗಿತು. ಮೆಟ್ಟಿಲ ಬಳಿ ರೊಟ್ಟಿ ಬುಟ್ಟಿ ಹೊತ್ತು ನಿಂತಿದ್ದ ನಾಗವ್ವ, ರುದ್ರವ್ವ ಮತ್ತು ಭಾಂಡುಪ್‌ನ ದಂಡು ಬಾಯಿಗೆ ಸೆರಗು ಹಿಡಿದು ಗೋಡೆಗೆ ಒತ್ತಿ ನಿಂತರು.

"ಏನ್ರೀ ಇದು?" ಎಂದಳು ನಾಗವ್ವ.

"ನನಗೇನ ಗೊತ್ತು?"

"ನೀವs ಕೋರೀರಂತಲ್ಲ!"

ಇಂಗ್ಲಿಷ್ ಕಲಿಸುವ ತರುಣ ಅಧ್ಯಾಪಕ ಶೇಖರ ಓಡುತ್ತ ಬಂದ. "ಸರ್, ಸಮಿತಿ ಬಂತ್ರೀ! ಗಾಡಿ ಗಲ್ಲಿಗೆ ತಿರುಗ್ತು!" ಇದ್ದಷ್ಟು ಕೋಳಿಗಳನ್ನು ಹಿಡಿದು ಗ್ರಂಥಾಲಯದ ಎರಡನೆಯ ಕಪಾಟಿಗೆ ತುಂಬಲಾಯಿತು. ಪುಸ್ತಕಗಳು ಆಗಮಿಸದೆ ಇದ್ದದ್ದು ಆ ದಿನ ಒಳ್ಳೆಯದೇ ಆಯಿತು. ಕಪಾಟಿನಲ್ಲಿ ಜಾಗ ಮುಗಿದ ಮೇಲೆ ಉಳಿದವನ್ನು ಪ್ರಾಚಾರ್ಯರ ಕೋಣೆಗೆ ದೂಡಿ ಬಾಗಿಲು ಹಾಕಿದರು.

ಡಾಕ್ಟರ್ ಕಾಂಟ್ರಾಕ್ಟರ್ ಇಬ್ಬರು ಸದಸ್ಯರೊಡನೆ ಮೆಟ್ಟಿಲು ಹತ್ತಿ ಬಂದರು. ಗಲ್ಲಿಯ ತುಂಬ ನಿಂತ ಜನರನ್ನು ನೋಡಿ ಅವರ ಹುಬ್ಬು ಮೇಲೇರಿತ್ತು. ಗ್ರಂಥಾಲಯ ತೋರಿಸಿ ಎಂದರು. ಮೊದಲನೆಯ ಕಪಾಟು ನೋಡಿ ಒಳ್ಳೆಯ ಪುಸ್ತಕಗಳು ಎಂದು ಮೆಚ್ಚಿದರು. ಎರಡನೆಯದರ ಹಿಡಿಗೆ ಕೈ ಹಾಕಿದರು.

"ಅದು ಬ್ಯಾಡ್ರೀ ಸರ್!" ಎಂದು ಪ್ರಾಚಾರ್ಯರು ಅಪ್ಪಟ ಧಾರವಾಡದಲ್ಲಿ ಕೂಗಿದರು. ಪಾರ್ಸಿ ಗೃಹಸ್ಥರಿಗೆ ಧಾರವಾಡ ತಿಳಿಯಲಿಲ್ಲ. ಬಾಗಿಲು ತೆರೆಯಿತು.

ಆಮೇಲೆ ಆದದ್ದನ್ನು ವಿವರಿಸುವುದು ಕಾಲೇಜಿನ ಘನತೆಗೆ ತಕ್ಕುದಲ್ಲ. ಅಧ್ಯಕ್ಷರ ಕಪ್ಪು ಟೊಪ್ಪಿಗೆ ಕೆಳಗೆ ಬಿತ್ತು, ಸದಸ್ಯರಲ್ಲೊಬ್ಬರು ಮೇಜಿನ ಮೇಲೆ ಹತ್ತಿದರು, ಗ್ರಂಥಾಲಯದಲ್ಲಿ ಮೊದಲ ಬಾರಿಗೆ ನೂಕುನುಗ್ಗಲಾಯಿತು ಎಂದಿಷ್ಟು ಹೇಳಿದರೆ ಸಾಕು.

"ಏ ಸೂ ಛೇ?" ಇದೇನು ಎಂದು ಅಧ್ಯಕ್ಷರು ತಮ್ಮ ಗುಜರಾತಿಯಲ್ಲೇ ಕಿರುಚಿದರು.

ಶೇಖರ ಹಿಂದಿನಿಂದ ಪಿಸುಗುಟ್ಟಿದ: "ಕುಕ್ಕುಟ ಪಾಲನ ಕೇಂದ್ರ ಅನ್ರೀ ಸರ್. ಸಮಾಜ ಸೇವಾ ಯೋಜನೆ." ಮುಳುಗುವವರಿಗೆ ಸಿಕ್ಕಿದ್ದೇ ಸಾಕು. ಪ್ರಾಚಾರ್ಯರು ಪೇಟ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದರು. ಇದು ಕಾಲೇಜಿನ ನೂತನ ಯೋಜನೆ. ಬಡ ಕುಟುಂಬಗಳಿಗೆ ಕೋಳಿ ಸಾಕುವ ತರಬೇತಿ. ದೇಶಕ್ಕೆ ಮೊಟ್ಟೆಯ ಕೊರತೆ ಇದೆ. ಇದೋ, ಇವರೇ ಕೇಂದ್ರದ ಮುಖ್ಯಸ್ಥರು, ಶ್ರೀ ಪೂವಪ್ಪನವರು. ಮೊಟ್ಟೆಯ ಹೆಸರೆತ್ತದ ಮನುಷ್ಯ ಮೊಟ್ಟೆಯ ಬಗ್ಗೆ ಅಷ್ಟು ಭಾವಪೂರ್ಣವಾಗಿ ಮಾತಾಡತೊಡಗಿದಾಗ ನಾಗವ್ವ ಬುಟ್ಟಿ ಕೆಳಗಿಟ್ಟಳು. ಇಂಗ್ಲಿಷ್ ಅವಳಿಗೆ ಬಾರದು, ಆದರೆ ಗಂಡ ಸುಳ್ಳು ಹೇಳುವಾಗ ಅವರ ಕಿವಿ ಕೆಂಪಾಗುವುದು ಗೊತ್ತಿತ್ತು.

ಅಧ್ಯಕ್ಷರು ಪೂವಪ್ಪನ ಕಡೆ ತಿರುಗಿದರು. "ಕಿತನಾ ಅಂಡಾ ದೇತಾ ಹೈ?" ಎಷ್ಟು ಮೊಟ್ಟೆ ಇಡುತ್ತವೆ ಎಂದು ಕೇಳಿದರು.

"ಅಂಡಾ?" ಪೂವಪ್ಪನಿಗೆ ಆಶ್ಚರ್ಯವಾಯಿತು. "ಅಂಡಾ ನಹೀ ಸಾಬ್, ಯೇ ತೋ ಖಾನೇಕಾ ಹೈ. ಆಪ್ ಲೋಗ್ ಕೇ ವಾಸ್ತೆ. ಪ್ರಿನ್ಸಿಪಾಲ್ ಸಾಬ್ ಭೋಂಗಾ ಮೇ ಬೋಲಾ, ಹರ್ ಘರ್ ಸೇ ಏಕ್ ಮುರ್ಗಿ ಲಾನೇಕಾ. ಹಮ್ ಲೋಗ್ ಲಾಯಾ."

ಮನೆಗೊಂದು ಕೋಳಿ, ಅದೂ ಸಮಿತಿಯ ಸಾಹೇಬರ ಊಟಕ್ಕೆ, ಪ್ರಿನ್ಸಿಪಾಲರೇ ಭೋಂಗಾದಲ್ಲಿ ಕೇಳಿದ್ದು. ಪ್ರಾಚಾರ್ಯರ ಕೆಂಪು ಕಿವಿ ಬೆಳ್ಳಗಾಯಿತು. ಇಂಟರ್ ತರಗತಿ ಹೋಯಿತು, ಕಾಲೇಜು ಹೋಯಿತು, ಲಿಂಗವಂತನಾಗಿ ಹುಟ್ಟಿ ಭೋಂಗಾದಲ್ಲಿ ಕೋಳಿ ಬೇಡಿದವನು ಎಂಬ ಹೆಸರು ಮಾತ್ರ ಉಳಿಯಿತು ಎಂದುಕೊಂಡರು. "ನಾನು? ಕೋಳಿ? ಯಾವಾಗ?"

ಪ್ರಫುಲ್ಲಾ ಮುಂದೆ ಬಂದಳು. ಅಳು ಬರುವಂತಾಗಿತ್ತು. "ಸರ್, ನೀವೇ ಹೇಳಿದ್ರಿ, ಮನೆ ಮನೆಗೆ ಹೋಗಿ ಕೋರಿ ತನ್ನಿ ಅಂತ. ನಮ್ಮ ಭಾಷೆಯಲ್ಲಿ ಕೋರಿ ಅಂದ್ರೆ ಇದೇ ಅಲ್ವಾ?" ಎಂದು ಕಾಲ ಬಳಿ ಸುತ್ತುತ್ತಿದ್ದ ಹೇಂಟೆಯನ್ನು ತೋರಿಸಿದಳು.

ಒಂದು ಗಳಿಗೆ ಪ್ರಾಚಾರ್ಯರು ಹೇಂಟೆಯನ್ನೇ ನೋಡಿದರು. ಆಮೇಲೆ ಪೇಟ ತೆಗೆದು ಮೇಜಿನ ಮೇಲಿಟ್ಟು, ಅಧ್ಯಕ್ಷರಿಗೆ ಇದ್ದದ್ದನ್ನು ಇದ್ದಂತೆ ಹೇಳಿದರು. ಯೋಜನೆ ಇಲ್ಲ, ಕೇಂದ್ರ ಇಲ್ಲ, ತಾನು ಆಡಿದ್ದು ಒಂದು ಮಾತು, ಇವರು ಕೇಳಿದ್ದು ಇನ್ನೊಂದು. ತಪ್ಪು ತನ್ನದು, ಇವರದಲ್ಲ.

ಡಾಕ್ಟರ್ ಕಾಂಟ್ರಾಕ್ಟರ್ ಟೊಪ್ಪಿಗೆಯ ಧೂಳು ಝಾಡಿಸಿಕೊಂಡರು. ನಗಲಿಲ್ಲ. ಪೂವಪ್ಪನನ್ನು ಮತ್ತೆ ಕೇಳಿದರು: ಕಾಲೇಜಿಗೆ ಕೋಳಿ ಯಾಕೆ ಎಂದು ನಿಮ್ಮಲ್ಲಿ ಒಬ್ಬರೂ ಕೇಳಲಿಲ್ಲವೇ?

"ಕ್ಯಾ ಕೋ ಪೂಛನೇಕಾ ಸಾಬ್? ಹಮಾರಾ ಬಚ್ಚಾ ಲೋಗ್ ಕಾ ಕಾಲೇಜ್ ಹೈ. ಮಾಂಗಾ ತೋ ದಿಯಾ." ನಮ್ಮ ಮಕ್ಕಳ ಕಾಲೇಜು, ಕೇಳಿದರು, ಕೊಟ್ಟೆವು, ಯಾಕೆಂದು ಕೇಳುವುದೇನಿದೆ?

ಅಧ್ಯಕ್ಷರು ಕಿಟಕಿಯ ಬಳಿ ಹೋಗಿ ಕೆಳಗೆ ನೋಡಿದರು. ಗಲ್ಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಿರಣಿಯವರು, ಹೋಟೆಲಿನವರು, ಭಾಂಡುಪ್‌ನ ರೊಟ್ಟಿ ದಂಡಿನ ಗಂಡಂದಿರು, ಎಲ್ಲರೂ ತಲೆ ಎತ್ತಿ ಇವರ ಮುಖವನ್ನೇ ನೋಡುತ್ತಿದ್ದರು. ಅಧ್ಯಕ್ಷರು ಹಿಂತಿರುಗಿ ಸದಸ್ಯರೊಡನೆ ಎರಡು ಮಾತಾಡಿ, ಪ್ರಾಚಾರ್ಯರ ಕೈ ಕುಲುಕಿದರು. "ನಾನು ಬಹಳ ಕಾಲೇಜು ನೋಡಿದ್ದೇನೆ, ಪ್ರಿನ್ಸಿಪಾಲ್. ಕೆಲವಕ್ಕೆ ಅರಮನೆಯಂಥ ಕಟ್ಟಡವಿದೆ. ಕೋಳಿ ಹಿಡಿದುಕೊಂಡು ಓಡಿಬರುವ ತಂದೆತಾಯಂದಿರು ಒಂದಕ್ಕೂ ಇಲ್ಲ. ಜೂನ್ ತಿಂಗಳಿಂದ ನಿಮ್ಮ ಇಂಟರ್ ತರಗತಿ ನಡೆಯಲಿ. ಈಗ ಹೇಳಿ, ಊಟ ಎಷ್ಟು ಹೊತ್ತಿಗೆ?"

ಐತ ಗ್ಯಾಲರಿಗೆ ಓಡಿ ಭೋಂಗಾ ಇಲ್ಲದೆಯೇ ಕೂಗಿದ. ಕೆಳಗೆ ಎದ್ದ ಗದ್ದಲಕ್ಕೆ ಸ್ಟೇಷನ್ನಿನವರೂ ಏನಾಯಿತೆಂದು ಇಣುಕಿ ನೋಡಿದರು. ಕೊರಗ ಕೋಳಿಗಳನ್ನೆಲ್ಲ ಪೂವಪ್ಪನ ಹಿತ್ತಲಿಗೆ ಸಾಗಿಸಿದ. ಗೋದಾಮಿನ ಒಂದು ಕಡೆ ರೊಟ್ಟಿಯ ಜೊತೆ ಎಣ್ಣೆಗಾಯಿ, ಶೇಂಗಾ ಚಟ್ನಿ, ಇನ್ನೊಂದು ಕಡೆ ಅದೇ ರೊಟ್ಟಿಯ ಜೊತೆ ಕೋಳಿ ಸಾರು ಎಂದು ಹೆಂಗಸರು ಅಲ್ಲೇ ತೀರ್ಮಾನಿಸಿ ಎರಡು ಪಂಕ್ತಿ ಹಾಕಿದರು. ಏಕೀಕರಣಕ್ಕೆ ನಡುವೆ ಒಂದು ಮೊಳ ಅಂತರ ಬಿಟ್ಟಿದ್ದರು ಅಷ್ಟೆ.

ಆ ಗಡಿಬಿಡಿಯಲ್ಲಿ ಪೂವಪ್ಪ ಮುಖ ಸಣ್ಣದು ಮಾಡಿಕೊಂಡು ಪ್ರಾಚಾರ್ಯರ ಹತ್ತಿರ ಬಂದ.

"ಸರ್, ಒಂದು ಮಾತು. ನೀವು ಕೋಳಿ ಕೇಳ್ಳಿಲ್ಲ ಅಂದ್ರೆ, ಅವತ್ತು ಭೋಂಗಾದಲ್ಲಿ ಕೇಳಿದ್ದು ಎಂತ ಮತ್ತೆ?"

"ನಿಮ್ಮ ಸಹಕಾರ, ಪೂವಪ್ಪನವರೇ" ಎಂದರು ಪ್ರಾಚಾರ್ಯರು.

ಪೂವಪ್ಪ ತಲೆ ಕೆರೆದುಕೊಂಡ. ಅವನಿಗೆ ನಿಜವಾಗಿಯೂ ಅರ್ಥವಾಗಲಿಲ್ಲ.

"ಕೋಳಿ ಆದ್ರೆ ಕೇಳ್ಬೇಕು ಸರ್, ಹೇಳದೆ ಯಾರಿಗೂ ಗೊತ್ತಾಗುದಿಲ್ಲ. ಸಹಕಾರ ಎಂತಕ್ಕೆ ಕೇಳುದು? ಕಾಲೇಜು ನಮ್ಮದೇ ಅಲ್ವಾ?"

ಪ್ರಾಚಾರ್ಯರು ಸುತ್ತ ನೋಡಿದರು. ಇಷ್ಟು ಜನ, ಎದುರಿಗೇ ಅಧ್ಯಕ್ಷರು, ಕೈಗೆಟಕುವಷ್ಟು ದೂರದಲ್ಲಿ ಧ್ವನಿವರ್ಧಕ. ಆದರೆ ಅವರು ಅದರ ಕಡೆ ಕೈ ಚಾಚಲಿಲ್ಲ. ಪೂವಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತರು. ನಾಗವ್ವ ಬಂದು, "ರೊಟ್ಟಿ ಆರ್ತಾವು, ಕೂಡ್ರಿನ್ನ ಇಬ್ಬರೂ" ಎಂದು ಕರೆದ ಮೇಲೆಯೇ ಅವರು ಕೈ ಬಿಟ್ಟದ್ದು.